ಹಂಪಿಯ ಬಿಸಿಲು, ಕೊಳದ ಚಳಿ

ಮುಂಬಯಿಯಲ್ಲಿ ಬೆಳೆದ ನಮಗೆ ಚಳಿಗಾಲವೆಂಬುದು ಹೆಸರಿಗೆ ಮಾತ್ರ. ಆದುದರಿಂದ ಡಿಸೆಂಬರ್ ತಿಂಗಳಲ್ಲಿ ಹಂಪಿಯ ಪ್ರವಾಸಕ್ಕೆ ಹೋದಾಗ, ಹೊಸಪೇಟೆಯ ಹೋಟೆಲೊಂದರ ಈಜುಕೊಳವನ್ನು ಕಂಡು ನಾವೆಲ್ಲರೂ ಹಿಗ್ಗಿದೆವು. ನಡುಹಗಲಿನ ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಆದರೆ ನೀರಿಗಿಳಿದವರು ಎರಡೇ ನಿಮಿಷಗಳಲ್ಲಿ ನಡುಗುತ್ತ ಮೇಲೆ ಬಂದರು. ಇಷ್ಟು ಬಿಸಿಲಿದ್ದರೂ ನೀರು ಇಷ್ಟೇಕೆ ತಣ್ಣಗಿತ್ತು? ಇದರ ಕಾರಣವನ್ನು ವಿಚಾರಿಸೋಣ.

ನಮ್ಮ ಮುಂಬಯಿ ಕಡಲ ಮಗ್ಗುಲಲ್ಲಿದೆ. ಕಡಲು ಮೆಲ್ಲನೆ ಕಾಯುತ್ತದೆ, ಮೆಲ್ಲನೆ ಆರುತ್ತದೆ. ಅದರ ನೆರೆಯಲ್ಲಿರುವ ನೆಲವೂ ಅತಿಯಾದ ಏರಿಳಿತಗಳಿಗೆ ಸಿಲುಕುವುದಿಲ್ಲ. ಹೊಸಪೇಟೆಯಾದರೋ ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಒಳಗೆ, ಸಹ್ಯಾದ್ರಿಯ ಆಚೆಗಿನ ಬಯಲಿನಲ್ಲಿದೆ. ಡಿಸೆಂಬರಿನಲ್ಲಿ ಅಲ್ಲಿಯ ಹಗಲು ಸುಮಾರು ೩೦ ಡಿಗ್ರಿ ಸೆಂಟಿಗ್ರೇಡ್ ಇದ್ದರೆ, ರಾತ್ರಿ ೧೬-೧೭ ಡಿಗ್ರಿಗೆ ಇಳಿಯುತ್ತದೆ.

ಒಂದು ಘನ ಮೀಟರ್ ನೀರನ್ನು ಒಂದು ಡಿಗ್ರಿಯಷ್ಟು ಕಾಯಿಸಲು, ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದಕ್ಕಿಂತ ಮೂರು ಸಾವಿರ ಪಾಲಿಗೂ ಹೆಚ್ಚಿನ ಶಾಖ ಬೇಕು. ಆದುದರಿಂದ ಗಾಳಿಯು ಮಧ್ಯಾಹ್ನಕ್ಕೆ ಕಾದರೂ ಕೊಳವು ಕಾಯುವುದಿಲ್ಲ. ಅದು ಹಗಲಿರುಳುಗಳ ಸರಾಸರಿಯ ಸಮೀಪದಲ್ಲಿ, ಎಂದರೆ ಸುಮಾರು ೨೩ ಡಿಗ್ರಿಯಲ್ಲಿ ನಿಲ್ಲುತ್ತದೆ. ಈಜಲು ಹಿತವಾದುದು ೨೬ರಿಂದ ೨೮ ಡಿಗ್ರಿಯ ನೀರು.

ಇನ್ನೊಂದು ಕಾರಣವನ್ನು ಮಣ್ಣಿನ ಹೂಜಿಯು ತೋರಿಸಿಕೊಡುತ್ತದೆ. ಹೂಜಿಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖವನ್ನು ತೆಗೆದರೆ ಸುಮಾರು ೫೮೦ ಲೀಟರ್ ನೀರು ಒಂದು ಡಿಗ್ರಿ ತಣಿಯುತ್ತದೆ! ಬಯಲುಸೀಮೆಯ ಒಣಗಾಳಿಯಲ್ಲಿ ಹೂಜಿಯ ನೀರು ಚೆನ್ನಾಗಿ ತಣಿಯುತ್ತದೆ. ಮುಂಬಯಿಯ ತೇವದ ಗಾಳಿಯಲ್ಲಿ ಅಷ್ಟು ತಣಿಯದು. ತೆರೆದ ಕೊಳವೂ ಒಂದು ದೊಡ್ಡ ಹೂಜಿಯೇ ಸರಿ.

ಇದರಿಂದ ಒಂದು ವಿನೋದವು ಉಂಟಾಗಿದೆ. ಹಂಪಿಗೆ ಪ್ರವಾಸಿಗಳು ಹೆಚ್ಚಾಗಿ ಬರುವುದು ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ಚಳಿಗಾಲದ ನಡುವೆ ಕೊಳವು ತೀರ ತಣ್ಣಗಿರುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ಸಮೀಪಿಸುವಾಗ ನೀರು ಹಿತವಾಗುತ್ತದೆ. ಆಗ ಬರುವವರು ಕಡಮೆ. ಮಳೆಗಾಲದಲ್ಲಿ ಅಲ್ಲಿ ಬೀಳುವ ಮಳೆ ಮುಂಬಯಿಯ ಕಾಲುಪಾಲಿನಷ್ಟಾದರೂ, ಗುಡುಗು ಕೇಳಿದೊಡನೆ ನೀರಿನಿಂದ ಹೊರಬರಬೇಕು. ವಿಜಯನಗರದ ಅರಸರ ಕಾಲದ ರಾಣಿಯರ ಸ್ನಾನಗೃಹವನ್ನು ನೋಡಿದಾಗ ಆ ಕಾಲದವರ ಜಾಣ್ಮೆಯು ನಮಗೆ ಹೊಳೆಯಿತು. ನಡುವೆ ಆಕಾಶಕ್ಕೆ ತೆರೆದ ಕೊಳ, ಸುತ್ತಲೂ ನೆರಳಿನ ಕಮಾನುಗಳ ಮೊಗಸಾಲೆ. ಇಂದು ಅದರಲ್ಲಿ ನೀರಿಲ್ಲ.

“ಕೊಳ ತಣ್ಣಗಿದ್ದರೇನು, ಹೊಳೆಗೆ ಹೋಗೋಣ” ಎಂದು ನಮ್ಮಲ್ಲೊಬ್ಬನು ಸೂಚಿಸಿದನು. ಗುರುಗಳು ಕೂಡಲೇ ತಡೆದರು. ತುಂಗಭದ್ರೆಯು ಮೇಲೆ ಶಾಂತವಾಗಿ ಕಂಡರೂ ಅದರ ಒಡಲಲ್ಲಿ ಬಂಡೆಗಳೂ ಸುಳಿಗಳೂ ಅಡಗಿವೆ. ೧೯೫೩ರಲ್ಲಿ ಪೂರ್ಣಗೊಂಡ ಅಣೆಕಟ್ಟು ಹಂಪಿಗಿಂತ ಮೇಲೆ ಇರುವುದರಿಂದ, ಅಲ್ಲಿ ನೀರು ಬಿಟ್ಟಾಗ ಹೊಳೆಯು ಬೇಗನೆ ಏರುತ್ತದೆ. ಅಲ್ಲಿ ಈಜಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಮಳೆಗಾಲದ ಜುಹೂ ಕಡಲಿನ ವಿಷಯದಲ್ಲಿಯೂ ಇದೇ ಎಚ್ಚರಿಕೆಯು ಸಲ್ಲುತ್ತದೆ.

ಆದುದರಿಂದ ಮಿತ್ರರೇ, ಈಜನ್ನು ಕಲಿಯಲೇಬೇಕು. ಆದರೆ ದಾದರಿನ ಶಿವಾಜಿ ಪಾರ್ಕಿನಲ್ಲಿರುವ ಮಹಾನಗರಪಾಲಿಕೆಯ ಕೊಳದಂತಹ ಕಡೆ, ಬಲ್ಲವರ ಕಣ್ಣೆದುರಿನಲ್ಲಿ ಕಲಿಯಬೇಕು. ನೀರಿಗಿಳಿಯುವ ಮುನ್ನ ಬಿಸಿಲನ್ನು ನೋಡಿ ಮೋಸಹೋಗಬಾರದು. ಹಿಂದಿನ ರಾತ್ರಿ ಹೇಗಿತ್ತೆಂದು ಕೇಳಬೇಕು. ಕೈಕಾಲುಗಳನ್ನು ಮೊದಲು ತೋಯಿಸಿಕೊಳ್ಳಬೇಕು. ಬಿಸಿಲು ಮರೆತ ರಾತ್ರಿಯನ್ನು ನೀರು ಮರೆತಿರುವುದಿಲ್ಲ.