ಗಿಡ್ಡ ಪಿಕಪ್ಪಿನಲ್ಲಿ ತೋಟದ ಗಾಡಿ: ಭಾರ ಎಲ್ಲಿ ಕೂರಬೇಕು?

ತೋಟದ ಕೆಲಸಕ್ಕೆ ಆಳು ಸಿಗುವುದು ಕಷ್ಟವಾದಂತೆಲ್ಲ ನಮ್ಮ ಸದಸ್ಯರ ಕೊಟ್ಟಿಗೆಗಳಲ್ಲಿ ಎತ್ತುಗಳ ಜಾಗವನ್ನು ಯಂತ್ರಗಳು ಹಿಡಿದಿವೆ. ಮೊದಲು ಪವರ್ ಟಿಲ್ಲರ್ ಬಂತು, ಅದರ ಹಿಂದೆ ಮಿನಿ ಟ್ರ್ಯಾಕ್ಟರ್ ಬಂತು. ಈಚೆಗೆ ಅನುಕೂಲಸ್ಥರ ಕಾಫಿ ತೋಟಗಳಲ್ಲಿ ಇನ್ನೊಂದು ಹೊಸ ಜಾತಿ ಕಾಣಿಸಿಕೊಂಡಿದೆ. ಇಬ್ಬರು ಅಕ್ಕಪಕ್ಕ ಕೂರುವ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲವಿರುವ, ಮೇಲೆ ಕೊಳವೆಯ ಪಂಜರವಿರುವ, ಹಿಂದೆ ನಾಲ್ಕಾರು ಮೂಟೆ ಹೇರಬಹುದಾದ ಈ ಗಾಡಿಗೆ ಅಮೆರಿಕದವರು ಸೈಡ್-ಬೈ-ಸೈಡ್ ಎನ್ನುತ್ತಾರೆ. 1988ರಲ್ಲಿ ಜಪಾನಿನ ಕಾವಾಸಾಕಿ ಕಂಪನಿ 'ಮ್ಯೂಲ್', ಅಂದರೆ ಹೇಸರಗತ್ತೆ ಎಂದೇ ಹೆಸರಿಟ್ಟು ಇಂಥದೊಂದನ್ನು ಮಾರುಕಟ್ಟೆಗೆ ತಂದಿತ್ತು. ನಮ್ಮ ದೇಶದಲ್ಲಿ ಇವು ಕಾಣಸಿಕ್ಕಿದ್ದು ಹೆಚ್ಚಾಗಿ 2011ರಲ್ಲಿ ಪೋಲಾರಿಸ್ ಕಂಪನಿ ಇಲ್ಲಿ ಮಾರಾಟ ಆರಂಭಿಸಿದ ಮೇಲೆ.

ತೋಟದೊಳಗೆ ಗಾಡಿ ಎಷ್ಟು ಚುರುಕೋ ತೋಟದ ಗೇಟಿನ ಹೊರಗೆ ಅಷ್ಟೇ ನಿರುಪಾಯಿ. ಟ್ರ್ಯಾಕ್ಟರ್ ಎಂದು ಅನುಮೋದನೆ ಪಡೆದ ಮಾದರಿಗಳನ್ನು ಬಿಟ್ಟರೆ ಮಿಕ್ಕವಕ್ಕೆ ರಸ್ತೆಯ ನೋಂದಣಿ ಇಲ್ಲ. ಹತ್ತು ಮೈಲಿ ಆಚೆಯ ಇನ್ನೊಂದು ತೋಟಕ್ಕೆ ಒಯ್ಯಬೇಕಾದರೂ, ರಿಪೇರಿಗೆ ಪೇಟೆಗೆ ಇಳಿಸಬೇಕಾದರೂ ಮತ್ತೊಂದು ಗಾಡಿಯ ಮೇಲೆ ಹೇರಲೇಬೇಕು. ಮಿನಿ ಟ್ರ್ಯಾಕ್ಟರಿಗೆ ನೋಂದಣಿ ಇದ್ದರೂ ದೂರದ ಊರಿಗೆ ಓಡಿಸಿಕೊಂಡು ಹೋಗುವವರು ಯಾರು? ಹೀಗಾಗಿ 'ನಮ್ಮ ಪಿಕಪ್ಪಿನಲ್ಲಿ ಹಿಡಿಸುತ್ತದೆಯೆ?' ಎಂಬ ಪ್ರಶ್ನೆ ಹಲವು ಸದಸ್ಯರಿಂದ ಬಂದಿದೆ. ಹಿಡಿಸುತ್ತದೆಯೆ ಎನ್ನುವುದು ಅರ್ಧ ಪ್ರಶ್ನೆ. ಹಿಡಿಸಿದ ಮೇಲೆ ಭಾರ ಎಲ್ಲಿ ಕೂರುತ್ತದೆ ಎನ್ನುವುದು ಉಳಿದರ್ಧ, ಮತ್ತು ಜೀವಕ್ಕೆ ಸಂಬಂಧಿಸಿದ್ದು ಅದೇ.

ಲೆಕ್ಕದಿಂದಲೇ ಶುರು ಮಾಡೋಣ. ಮನೆಮಂದಿಯೂ ಕೂರಬಹುದಾದ ಎರಡು ಸಾಲು ಸೀಟಿನ ಪಿಕಪ್ಪುಗಳು, ಉದಾಹರಣೆಗೆ ಇಸುಜು ವಿ-ಕ್ರಾಸ್‌ನಂಥವು, ಈಗ ಮಲೆನಾಡಿನಲ್ಲಿ ಅಲ್ಲಲ್ಲಿ ಇವೆ. ಸೀಟಿಗೆ ಜಾಗ ಬಿಟ್ಟುಕೊಟ್ಟ ಕಾರಣ ಇವುಗಳ ಹಿಂದಿನ ಬಾಡಿ ಸುಮಾರು ಐದಡಿ ಉದ್ದ ಮಾತ್ರ. ಅದರಲ್ಲೂ ಗಾಲಿಯ ಉಬ್ಬುಗಳು ಎರಡೂ ಕಡೆಯಿಂದ ಒಳಗೆ ಚಾಚಿರುವುದರಿಂದ ನಡುವೆ ಉಳಿಯುವ ಅಗಲ ನಾಲ್ಕಡಿಗೂ ಕಡಿಮೆ. ಸೈಡ್-ಬೈ-ಸೈಡ್ ಗಾಡಿಗಳಲ್ಲಿ ಸಪೂರದ್ದೆಂದರೂ 50 ಅಂಗುಲ, ಅಂದರೆ ನಾಲ್ಕಡಿ ಎರಡಂಗುಲ ಅಗಲ, ಒಂಬತ್ತಡಿಯ ಆಸುಪಾಸು ಉದ್ದ, 450 ಕಿಲೋದಷ್ಟು ತೂಕ. ಎಂಜಿನ್ ಸೀಟಿನ ಹಿಂದೆ ಇರುವುದರಿಂದ ಭಾರದ ಹೆಚ್ಚು ಪಾಲು ಹಿಂದಿನ ಗಾಲಿಗಳ ಮೇಲೆ.

ಇದನ್ನು ಐದಡಿಯ ಬಾಡಿಗೆ ಮುಂದಿನಿಂದ ಹತ್ತಿಸಿದಿರೆನ್ನಿ. ಹಿಂದಿನ ಗಾಲಿಗಳು ಬಂದು ನಿಲ್ಲುವುದು ತೆರೆದಿಟ್ಟ ಹಿಂಬಾಗಿಲಿನ ಮೇಲೆ. ಆ ಬಾಗಿಲನ್ನು ಹಿಡಿದಿರುವುದು ಎರಡು ಕೀಲು, ಎರಡು ತಂತಿ. ಮೂಟೆ ಇಳಿಸುವಾಗ ಒಬ್ಬಾಳು ಹತ್ತಿ ನಿಲ್ಲಲಿ ಎಂದು ಮಾಡಿದ್ದೇ ಹೊರತು ಎರಡೂವರೆ ಕ್ವಿಂಟಾಲು ಹೊತ್ತು ಗುಂಡಿಯ ರಸ್ತೆಯಲ್ಲಿ ಕುಣಿಯಲೆಂದಲ್ಲ. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಈ ಪಿಕಪ್ಪುಗಳ ಹಿಂದಿನ ಅಚ್ಚು ಬಾಡಿಯ ಸುಮಾರು ಮಧ್ಯಕ್ಕೆ ಇರುತ್ತದೆ. ಹೇರಿದ ಗಾಡಿಯ ಭಾರಕೇಂದ್ರ ಅದಕ್ಕಿಂತ ಎರಡೂವರೆ ಅಡಿ ಹಿಂದೆ ಬೀಳುತ್ತದೆ. ಮುಂದಿನ ಅಚ್ಚಿಗೂ ಹಿಂದಿನದಕ್ಕೂ ಹತ್ತಡಿ ಅಂತರ. ಏತದ ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ: 450 ಕಿಲೋ, ಎರಡೂವರೆ ಅಡಿ, ಹತ್ತಡಿ. ಪಿಕಪ್ಪಿನ ಮುಂದಿನ ಗಾಲಿಗಳಿಂದ 110 ಕಿಲೋ ಭಾರ ಮೇಲೆತ್ತಿದಂತೆ. ಸ್ಟಿಯರಿಂಗ್ ಹಗುರವಾಯಿತು, ಗಾಡಿ ಚೆನ್ನಾಗಿ ತಿರುಗುತ್ತದೆ ಎಂದು ಹೊಸ ಚಾಲಕ ಖುಷಿಪಟ್ಟಾನು. ಗಾಲಿ ನೆಲವನ್ನು ಹಿಡಿದಿಲ್ಲ ಎಂಬುದು ತಿಳಿಯುವುದು ಬಾಳೆಬರೆಯ ಇಳಿಜಾರಿನಲ್ಲೋ ಆಗುಂಬೆಯ 14 ತಿರುವುಗಳ ಪೈಕಿ ಒಂದರಲ್ಲೋ, ಮಳೆ ಬಿದ್ದ ದಿನ.

ಅಮೆರಿಕದಲ್ಲಿ ಇದೇ ಕಷ್ಟಕ್ಕೆ ಬಾಡಿಯ ಮೇಲೆ ಕಬ್ಬಿಣದ ಅಟ್ಟಣೆ ಕಟ್ಟಿ ಮುಂದಿನ ಗಾಲಿಗಳನ್ನು ಕ್ಯಾಬಿನ್ನಿನ ನೆತ್ತಿಯ ಮಟ್ಟಕ್ಕೆ ಏರಿಸುವವರಿದ್ದಾರೆ. ಅಲ್ಲಿಯ ಅಗಲ ರಸ್ತೆಗೆ ಅದು ನಡೆದೀತು. ನಮ್ಮ ಊರೊಳಗೆ ರಸ್ತೆಗೆ ಅಡ್ಡ ಹಾದ ಕರೆಂಟಿನ ಸರ್ವಿಸ್ ತಂತಿಯನ್ನು ನೆನೆದರೆ ಆ ಉಪಾಯ ಬೇಡವೆನ್ನಿಸುತ್ತದೆ. ನಮ್ಮಲ್ಲಿ ಅದಕ್ಕಿಂತ ಸುಲಭದ ದಾರಿಯಿದೆ. ಸರಕಿಗೆಂದೇ ಮಾಡಿದ ಬೊಲೆರೊ ಪಿಕಪ್ ಮುಂತಾದವುಗಳ ಬಾಡಿ ಮಾದರಿಗೆ ತಕ್ಕಂತೆ ಎಂಟರಿಂದ ಹತ್ತಡಿ ಉದ್ದ. ನೆಲ ತಟ್ಟೆಯಂತೆ ಚಪ್ಪಟೆ, ಗಾಲಿಯ ಉಬ್ಬಿಲ್ಲ. ಎಲ್ಲ ಪೇಟೆಗಳಲ್ಲೂ ಬಾಡಿಗೆಗೆ ಸಿಗುತ್ತವೆ. ಮನೆಯಲ್ಲಿ ಲಕ್ಷಗಟ್ಟಲೆ ಬೆಲೆಯ ಡಬಲ್ ಕ್ಯಾಬಿನ್ ಇರುವಾಗ ಬಾಡಿಗೆ ಗಾಡಿ ಏಕೆ ಎಂಬ ಬಿಂಕ ಒಂದು ದಿನದ ಮಟ್ಟಿಗೆ ಬಿಡಬೇಕಾದದ್ದು.

2005ರಲ್ಲಿ ಬಂದ ಟಾಟಾ ಏಸ್, ನಮ್ಮ ಬಾಯಲ್ಲಿ 'ಚೋಟಾ ಹಾಥಿ', ಆಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಮಿನಿ ಟ್ರ್ಯಾಕ್ಟರನ್ನೇ ತೆಗೆದುಕೊಳ್ಳಿ. ಅಳೆಯಬೇಕಾದ್ದು ಬಂಪರಿನಿಂದ ಕೊಂಡಿಯವರೆಗಿನ ಒಟ್ಟು ಉದ್ದವನ್ನಲ್ಲ. ಮುಂಗಾಲಿಯ ಮುಂದಿನ ಅಂಚಿನಿಂದ ಹಿಂಗಾಲಿಯ ಹಿಂದಿನ ಅಂಚಿನವರೆಗೆ ಅಳೆಯಬೇಕು. ಬೆಂಗಳೂರಿನ ವಿ.ಎಸ್.ಟಿ.ಯವರ ಹದಿನೆಂಟೂವರೆ ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿಗೆ ಇದು ಸುಮಾರು ಏಳಡಿ. ಏಸ್ ಗಾಡಿಯ ಬಾಡಿ ಏಳಡಿ ಎರಡಂಗುಲ. ಹಿಡಿಸಿತು! ಆದರೆ ಟ್ರ್ಯಾಕ್ಟರಿನ ತೂಕ ಸುಮಾರು 645 ಕಿಲೋ, ಏಸ್ ಹೊರಬಹುದಾದ್ದು ಮುಕ್ಕಾಲು ಟನ್. ಜೊತೆಗೆ ರೋಟವೇಟರ್ ಬರಲಿ ಎಂದರೆ ಮಿತಿ ಮೀರಿತು. ಟ್ರ್ಯಾಕ್ಟರ್ ಒಂದೇ ಆದರೆ, ಹತ್ತಿರದ ಹಾದಿಗೆ, ನಿಧಾನವಾಗಿ ಹೋಗುವುದಾದರೆ ಆದೀತು. ಘಾಟಿಗೆ ಬೇಡ.

ಈ ಮಾತುಗಳನ್ನು ಕಣ್ಣಾರೆ ಕಂಡದ್ದು, ವಿಚಿತ್ರವೆಂದರೆ, ಕಾಫಿಯೂ ಅಡಿಕೆಯೂ ಇಲ್ಲದ ಊರಿನಲ್ಲಿ. ಕೊಪ್ಪ ತಾಲ್ಲೂಕಿನ ನಮ್ಮ ಸದಸ್ಯರೊಬ್ಬರು ಆಳಂದ ತಾಲ್ಲೂಕಿನ ಕಡಗಂಚಿಯ ಬಳಿ ಒಂದು ಹಳೆಯ ಮಿನಿ ಟ್ರ್ಯಾಕ್ಟರ್ ಕೊಂಡರು. ಅದನ್ನು ತರುವಾಗ ನಾವೂ ಜೊತೆಗೆ ಹೋಗಿದ್ದೆವು. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿರುವ ಈ ಊರಿನ ಹೆಸರನ್ನು 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ವಿಳಾಸದಲ್ಲಿ ಓದಿದವರು ಇರಬಹುದು. ಸುತ್ತ ಕಣ್ಣು ಹಾಯುವಷ್ಟು ದೂರ ಕಪ್ಪು ಎರೆ ಹೊಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲಬರ್ಗಾ ತೊಗರಿಯ ಸೀಮೆ ಇದು. ಸಾಲಿನ ನಡುವೆ ಎಡೆ ಹೊಡೆಯಲು ಅಲ್ಲಿಯವರಿಗೂ ನಮ್ಮಂತೆ ಸಪೂರದ ಟ್ರ್ಯಾಕ್ಟರೇ ಬೇಕು.

ನಮ್ಮಲ್ಲಾದರೆ ಗಾಡಿ ಹೇರುವುದಕ್ಕೆ ದರೆಯೊಂದಿರುತ್ತದೆ. ಪಿಕಪ್ಪನ್ನು ಹಿಮ್ಮುಖವಾಗಿ ಅದಕ್ಕೆ ಒತ್ತಿ ನಿಲ್ಲಿಸಿ, ಎರಡು ಹಲಗೆ ಹಾಸಿದರೆ ಮುಗಿಯಿತು. ಅಂಗೈಯಂತೆ ಸಮನಾದ ಆ ಬಯಲಲ್ಲಿ ದರೆಯನ್ನು ಎಲ್ಲಿಂದ ತರುವುದು? ಬಾಡಿಗೆ ಪಿಕಪ್ಪಿನ ಹುಡುಗ ಮಾತಿಲ್ಲದೆ ಗಾಡಿಯನ್ನು ಬಾವಿ ತೋಡಿದ ಮಣ್ಣಿನ ದಿಬ್ಬಕ್ಕೆ ತಂದು ನಿಲ್ಲಿಸಿದ. ನಮ್ಮ ಸದಸ್ಯರು ಟ್ರ್ಯಾಕ್ಟರ್ ಏರಿ ಮುಂಭಾಗದಿಂದಲೇ ಹತ್ತಿಸಹೊರಟರು. ಹುಡುಗ ಅಡ್ಡ ನಿಂತ.

"ಹಂಗ ಬ್ಯಾಡ್ರಿ ಕಾಕಾ, ಹಿಂದ ಮಾಡಿ ಏರಸ್ರಿ."

"ಯಾಕೆ ಮಾರಾಯ? ಒಳಗೆ ಹಿಡಿಸ್ತದಲ್ಲ?"

"ಒಳಗ ಕುಂತ್ರ ಆಯ್ತೇನ್ರಿ? ಭಾರ ಎಲ್ಲಿ ಕುಂತದ ನೋಡಬೇಕಲ್ರಿ. ಮುಂದ ಮಾಡಿ ಏರಿಸಿದ್ರ ಮೂತಿ ಎತ್ತಿ ನಿಮ್ಮ ಮ್ಯಾಲೇ ಬೀಳತದ್ರಿ."

ಇಂಜಿನಿಯರಿಂಗ್ ಪುಸ್ತಕ ಹೇಳುವುದೂ ಇದನ್ನೇ. ಹಿಂದಿನ ಗಾಲಿಯಿಂದ ಓಡುವ ಟ್ರ್ಯಾಕ್ಟರ್ ಕಡಿದಾದ ಏರಿನಲ್ಲಿ ಮುಮ್ಮುಖವಾಗಿ ಹತ್ತುವಾಗ ಮುಂಗಾಲಿಗಳು ಮೇಲೆದ್ದು ಹಿಂದಕ್ಕೆ ಮಗುಚುತ್ತವೆ. ಚಾಲಕ ಜಿಗಿಯಲು ಸಮಯವಿರುವುದಿಲ್ಲ. ಹಿಮ್ಮುಖವಾಗಿ ಹತ್ತಿದರೆ ಭಾರದ ಭಾಗ ಮೇಲುಗಡೆ ಇರುವುದರಿಂದ ಮಗುಚುವ ಭಯವಿಲ್ಲ. ಹತ್ತಿದ ಮೇಲೆ ಆ ಭಾರ ಕ್ಯಾಬಿನ್ನಿನ ಕಡೆಗೇ ಕೂತು, ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೋ ಅದಕ್ಕಿಂತ ಸ್ವಲ್ಪ ಮುಂದೋ ಬೀಳುತ್ತದೆ. ಇಳಿಸುವಾಗ ತಾನಾಗಿಯೇ ಮುಮ್ಮುಖವಾಗಿ ಇಳಿಯುತ್ತದೆ. ಎಂಜಿನ್ ಹಿಂದಿರುವ ಸೈಡ್-ಬೈ-ಸೈಡ್ ಗಾಡಿಗೂ ಭಾರ ಕೂರಿಸುವ ಮಟ್ಟಿಗೆ ಇದೇ ನ್ಯಾಯ.

ಹತ್ತಿಸುವ ಮೊದಲು ಆತ ಮಾಡಿದ ಇನ್ನೊಂದು ಕೆಲಸ ನಮಗೆ ಹಿಡಿಸಿತು. ಟೈರಿನ ಹಲ್ಲುಗಳಲ್ಲಿ ಕಚ್ಚಿಕೊಂಡಿದ್ದ ಎರೆ ಮಣ್ಣನ್ನೆಲ್ಲ ಕಟ್ಟಿಗೆ ಚಕ್ಕೆಯಿಂದ ಕೆರೆದು ತೆಗೆದ. ಒದ್ದೆ ಎರೆ ಮಣ್ಣು ಹಲಗೆಯ ಮೇಲೆ ಬೆಣ್ಣೆಯಂತೆ. ನಮ್ಮ ಜಂಬಿಟ್ಟಿಗೆ ಸೀಮೆಯ ಕೆಸರೂ ಜೂನ್ ತಿಂಗಳಲ್ಲಿ ಕಡಿಮೆಯೇನಲ್ಲ.

ದರೆಯೋ ದಿಬ್ಬವೋ ಇಲ್ಲದ ಕಡೆ ಏರುಹಲಗೆಯೇ ಗತಿ. ಇದರಲ್ಲಿ ಮಾಡುವ ಉಳಿತಾಯದಷ್ಟು ದುಬಾರಿಯಾದದ್ದು ಬೇರೊಂದಿಲ್ಲ. ಬಾಡಿಯ ಎತ್ತರ ಎರಡೂವರೆ ಅಡಿ ಎಂದಿಟ್ಟುಕೊಳ್ಳಿ. ಐದಡಿಯ ಹಲಗೆ ಇಟ್ಟರೆ ಏರು 30 ಡಿಗ್ರಿ. 645 ಕಿಲೋದ ಟ್ರ್ಯಾಕ್ಟರ್ 320 ಕಿಲೋದಷ್ಟು ಬಲದಲ್ಲಿ ಕೆಳಕ್ಕೆ ಜಗ್ಗುತ್ತಿರುತ್ತದೆ. ಎಂಟಡಿಯದಾದರೆ ಏರು 18 ಡಿಗ್ರಿ, ಜಗ್ಗುವ ಬಲ 200 ಕಿಲೋ. ಮೂರಡಿ ಹಲಗೆಯ ಖರ್ಚಿಗೆ ಇಷ್ಟು ವ್ಯತ್ಯಾಸ. ಹಲಗೆಯ ಮೇಲ್ತುದಿಯನ್ನು ಸರಪಣಿಯಿಂದ ಬಾಡಿಗೆ ಕಟ್ಟಲೇಬೇಕು. ಇಲ್ಲದಿದ್ದರೆ ತಿರುಗುವ ಗಾಲಿ ಹಲಗೆಯನ್ನು ಹಿಂದಕ್ಕೆ ಒದೆಯುತ್ತದೆ, ಗಾಡಿ ಅಂತರದಲ್ಲಿ ನಿಲ್ಲುತ್ತದೆ. ತೋಟದಲ್ಲಿ ಬಿದ್ದಿರುವ ಅಡಿಕೆ ದಬ್ಬೆ ಹಾಸುವವರನ್ನು ನೋಡಿದ್ದೇವೆ. ಸೂರಿಗೆ, ಸಂಕಕ್ಕೆ ಅದು ಒಳ್ಳೆಯದು. ಟ್ರ್ಯಾಕ್ಟರಿನ ಗಾಲಿ ಒಂದೇ ಕಡೆ ಒತ್ತಿದರೆ ಹೊರಗಿನ ಗಟ್ಟಿ ಪದರ ಸೀಳಿ ಒಳಗಿನ ತಿರುಳು ಕುಸಿಯುತ್ತದೆ. ಸಿಲ್ವರ್ ಓಕ್ ಹಲಗೆಯೂ ಇದಕ್ಕಾಗದು. ಮುನ್ಸೂಚನೆ ಕೊಡದೆ ಮುರಿಯುವ ಮರ ಅದು. ಕಬ್ಬಿಣದ ಚಾನೆಲ್ಲಿಗೆ ಅಡ್ಡಪಟ್ಟಿ ಬೆಸೆದ ಜೋಡಿ ಏರುಹಲಗೆಯನ್ನು ಯಾವ ವೆಲ್ಡಿಂಗ್ ಅಂಗಡಿಯವನೂ ಮಾಡಿಕೊಡುತ್ತಾನೆ. ಇಳಿಜಾರಿನಲ್ಲಿ ಕ್ಲಚ್ ತುಳಿಯಬಾರದು, ಅತಿ ಕಡಿಮೆ ಗೇರಿನಲ್ಲೇ ಹತ್ತಬೇಕು, ಇಳಿಯಬೇಕು. 'ಹಿಡಿದುಕೊಳ್ಳುತ್ತೇವೆ' ಎಂದು ಹಿಂದೆ ನಿಲ್ಲುವ ಹುಡುಗರನ್ನು ದೂರ ಅಟ್ಟುವುದು ಯಜಮಾನನ ಕೆಲಸ. 200 ಕಿಲೋವನ್ನು ಕೈಯಲ್ಲಿ ತಡೆಯುವ ಗಂಡು ನಮ್ಮ ಸೀಮೆಯಲ್ಲಂತೂ ಹುಟ್ಟಿಲ್ಲ.

ಇನ್ನು ಕಟ್ಟುವ ವಿಚಾರ. ನೈಲಾನ್ ಹಗ್ಗ ಎಷ್ಟು ಬಿಗಿದರೂ ಭಾರ ಬಿದ್ದಾಗ ಹಿಗ್ಗುತ್ತದೆ, ಹತ್ತು ಮೈಲಿ ಹೋಗುವಷ್ಟರಲ್ಲಿ ಸಡಿಲ. ಲಾರಿಯವರು ಬಳಸುವ ರ್ಯಾಚೆಟ್ ಬೆಲ್ಟ್ ನಾಲ್ಕು ಇರಲಿ, ನಾಲ್ಕು ಮೂಲೆಗೆ ಒಂದೊಂದು. ಟ್ರ್ಯಾಕ್ಟರಿಗೆ ಸ್ಪ್ರಿಂಗ್ ಇಲ್ಲ, ಆದ್ದರಿಂದ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿನ ಕವಚಕ್ಕೂ ನೇರ ಕಟ್ಟಬಹುದು. ಸೈಡ್-ಬೈ-ಸೈಡ್ ಗಾಡಿಯದು ಮೆತ್ತನೆಯ ಸ್ಪ್ರಿಂಗ್. ಮೇಲಿನ ಪಂಜರಕ್ಕೆ ಕಟ್ಟಿದರೆ ಪ್ರತಿ ಗುಂಡಿಗೂ ಮೈ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ, ಕೊಕ್ಕೆ ಕಳಚುತ್ತದೆ. ಅದನ್ನು ಗಾಲಿಯ ಹತ್ತಿರ, ತಗ್ಗಿನಲ್ಲಿ ಕಟ್ಟಬೇಕು. ಗೇರಿನಲ್ಲಿಟ್ಟು, ಬ್ರೇಕ್ ಎಳೆದು, ಗಾಲಿಗಳಿಗೆ ಮರದ ತುಂಡು ಕೊಟ್ಟು, ಎಣ್ಣೆಯ ನಲ್ಲಿ ಮುಚ್ಚಿದ ಮೇಲೆ ಹೊರಡುವುದು. ಕಡಗಂಚಿಯಿಂದ ಹೊರಟ ನಾವು ಕಲಬುರಗಿ ದಾಟುವ ಮುನ್ನ ಒಮ್ಮೆ, ಭೀಮಾ ನದಿಯ ಸೇತುವೆ ದಾಟಿ ಜೇವರ್ಗಿಯಲ್ಲಿ ಇನ್ನೊಮ್ಮೆ ಇಳಿದು ಬೆಲ್ಟ್ ಬಿಗಿದೆವು. ಮೊದಲ ಸಲ ನಾಲ್ಕೂ ಒಂದೆರಡು ಹಲ್ಲು ಸಡಿಲವಾಗಿದ್ದವು. ಎರಡನೆಯ ಸಲ ಅಲ್ಲಾಡಲಿಲ್ಲ. ಅಲ್ಲಿಂದ ವಿಜಯಪುರ, ಇಳಕಲ್ಲು, ಹೊಸಪೇಟೆ, ಚಿತ್ರದುರ್ಗ. ಭೀಮಾ, ಕೃಷ್ಣಾ, ತುಂಗಭದ್ರಾ ಮೂರನ್ನೂ ದಾಟಿದ, ಐನೂರು ಕಿಲೋಮೀಟರಿಗೂ ಮೀರಿದ ಹಾದಿಯಲ್ಲಿ ಚಹಕ್ಕೆ ನಿಂತಲ್ಲೆಲ್ಲ ಹುಡುಗ ಮೊದಲು ಬೆಲ್ಟ್ ಮುಟ್ಟಿ ನೋಡಿ ಆಮೇಲೆ ಲೋಟ ಹಿಡಿಯುತ್ತಿದ್ದ.

ಕಾನೂನಿನ ಕಡೆಯನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಒಂದೊಂದು ಟನ್ನಿಗೆ 2,000 ರೂಪಾಯಿ ಬೇರೆ. ಸರಕು ಬಾಡಿಯಿಂದ ಹೊರಗೆ ಚಾಚಿದ್ದರೂ 20,000 ರೂಪಾಯಿ ದಂಡವಿದ್ದು, ಸರಕನ್ನು ಅಲ್ಲೇ ಇಳಿಸಿ ಮುಂದೆ ಹೋಗಬೇಕಾಗುತ್ತದೆ. ಹಿಂಬಾಗಿಲು ತೆರೆದಿಟ್ಟು ಒಂಬತ್ತಡಿಯ ಗಾಡಿಯನ್ನು ಐದಡಿಯಲ್ಲಿ ಒಯ್ಯುವವರು ಇದನ್ನು ನೆನಪಿಡುವುದು ಒಳ್ಳೆಯದು. ಪಿಕಪ್ಪಿಗೆ ಮೂರನೆಯವರ ವಿಮೆ ಮಾತ್ರ ಇದ್ದರೆ ಮೇಲಿರುವ ಯಂತ್ರಕ್ಕೆ ಆದ ನಷ್ಟ ಅದರಲ್ಲಿ ಬರುವುದಿಲ್ಲ. ಯಂತ್ರದ ಜೊತೆ ಹಿಂದೆ ಆಳು ಕೂರಿಸುವುದಂತೂ ಕೂಡದು.

ಒಳ್ಳೆಯ ಜೋಡಿ ಏರುಹಲಗೆ, ನಾಲ್ಕು ಬೆಲ್ಟ್, ಒಂದು ಚೈನ್ ಕಪ್ಪಿ ವರ್ಷಕ್ಕೆ ಎರಡು ಸಲ ಬೇಕಾಗುವ ಸಾಮಾನು. ಪ್ರತಿ ಮನೆಯವರೂ ಕೊಳ್ಳುವುದು ದಂಡ. ಕೊಳ್ಳದವರು ದಬ್ಬೆ ಹಾಸುತ್ತಾರೆ. ಸಂಘದ ಒಂದೊಂದು ಶಾಖೆಯ ಗೊಬ್ಬರದ ಗೋದಾಮಿನಲ್ಲಿ ಇಂಥದೊಂದು ಸೆಟ್ ಇಟ್ಟು, ಸಣ್ಣ ಬಾಡಿಗೆಗೆ ಸದಸ್ಯರಿಗೆ ಕೊಡುವ ಏರ್ಪಾಡು ಆಗಬೇಕೆಂಬುದು ನಮ್ಮ ಅಭಿಪ್ರಾಯ. ಕೊಪ್ಪದ ಸದಸ್ಯರು ತಮ್ಮ ಜೋಡಿ ಹಲಗೆಯನ್ನು ಈಗಾಗಲೇ ಅಕ್ಕಪಕ್ಕದ ಮೂರು ತೋಟದವರಿಗೆ ಎರವಲು ಕೊಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ವಾಪಸು ಬರಬೇಕೆಂದು ಅವರು ಈ ಮೂಲಕ ತಿಳಿಸಿದ್ದಾರೆ.