ಒಣಗದ ಬಣ್ಣ: ಜೆಲ್ ಉಗುರಿನ ಒಳಿತು ಕೆಡುಕು

ಉಗುರಿಗೆ ಬಣ್ಣ ತರುವ ಆಸೆ ಹಳೆಯದು. ಕನ್ನಡದಲ್ಲಿ ಮದರಂಗಿ, ಗೋರಂಟಿ ಎಂದೂ ಮರಾಠಿಯಲ್ಲಿ ಮೇಂದಿ ಎಂದೂ ಕರೆಯುವ ಸೊಪ್ಪನ್ನು ನುಣ್ಣಗೆ ಅರೆದು, ಬೆರಳ ತುದಿಗೆ ಮೆತ್ತಿ, ಬಟ್ಟೆ ಸುತ್ತಿ ಮಲಗುತ್ತಿದ್ದ ಕಾಲ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಿಗೆ ತೀರ ದೂರದ್ದೇನಲ್ಲ. ಹಳಗನ್ನಡ ಓದುವ ವಿದ್ಯಾರ್ಥಿಗಳಿಗೆ ಅಲತಗೆ ಎಂಬ ಮಾತೂ ಪರಿಚಿತ. ಸಂಸ್ಕೃತದ ಅಲಕ್ತಕದಿಂದ ಬಂದ ಈ ತದ್ಭವವು ಅರಗಿನಿಂದ ತೆಗೆದ ಕೆಂಪು ರಸವನ್ನು, ಪಾದಕ್ಕೆ ಹಚ್ಚುವ ಬಣ್ಣವನ್ನು ಹೆಸರಿಸುತ್ತದೆ. ಇಂದು ಮದುವೆಯೋ ಸಿದ್ಧೇಶ್ವರನ ಜಾತ್ರೆಯೋ ಕಾಲೇಜಿನ ವಾರ್ಷಿಕ ಸ್ನೇಹಸಮ್ಮೇಳನವೋ ಸಮೀಪಿಸಿದಾಗ ತರುಣಿಯರ ಬೆರಳುಗಳಲ್ಲಿ ಗಾಜಿನಂತೆ ಹೊಳೆಯುವುದು ಜೆಲ್ ಬಣ್ಣ. ಬ್ಯೂಟಿ ಪಾರ್ಲರಿಗೆ ಹೋಗಿ ಹಣ ಕೊಟ್ಟು ಹಚ್ಚಿಸಿಕೊಳ್ಳುವವರಿದ್ದಾರೆ. ಆನ್‌ಲೈನಿನಲ್ಲಿ ದೀಪಸಮೇತ ಪೆಟ್ಟಿಗೆ ತರಿಸಿ ಹಾಸ್ಟೆಲ್ ಕೋಣೆಯಲ್ಲಿ ಒಬ್ಬರಿಗೊಬ್ಬರು ಹಚ್ಚಿಕೊಳ್ಳುವವರೂ ಇದ್ದಾರೆ. ಎರಡು ದಾರಿಗಳಲ್ಲೂ ಅನುಕೂಲವಿದೆ, ಎರಡರಲ್ಲೂ ತೊಡಕಿದೆ. ತೊಡಕಿನ ಬಗೆ ಮಾತ್ರ ಬೇರೆ ಬೇರೆ. ಅದನ್ನು ತಿಳಿಯಬೇಕಾದರೆ ಜೆಲ್ ಎಂಬ ವಸ್ತುವಿನ ಸ್ವಭಾವವನ್ನು ಮೊದಲು ತಿಳಿಯಬೇಕು.

ಮದರಂಗಿ, ಸಾಮಾನ್ಯ ಉಗುರುಬಣ್ಣ, ಜೆಲ್ ಈ ಮೂರಕ್ಕೂ ಕನ್ನಡದಲ್ಲಿ ಮೂರು ಬೇರೆ ಕ್ರಿಯಾಪದಗಳು ಬೇಕಾಗುತ್ತವೆ. ಮದರಂಗಿ ‘ಹಿಡಿಯುತ್ತದೆ’. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವು ಉಗುರಿನ ಕೆರಾಟಿನ್ ಎಂಬ ಪ್ರೋಟೀನಿನೊಡನೆ ಬೆಸೆದುಕೊಳ್ಳುತ್ತದೆ. ಉಗುರು ಬೆಳೆದು ಕತ್ತರಿಸಿ ಹೋಗುವ ತನಕ ಉಗುರಿನ ಕೆಂಪು ಹೋಗದು. ಸಾಮಾನ್ಯ ಉಗುರುಬಣ್ಣ ‘ಒಣಗುತ್ತದೆ’. ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಮೊದಲಾದ ದ್ರಾವಕಗಳಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸ್ ಅದರ ಮೂಲದ್ರವ್ಯ. ದ್ರಾವಕ ಗಾಳಿಗೆ ಹಾರಿಹೋಗುತ್ತದೆ, ತೆಳುವಾದ ಪದರ ಉಳಿಯುತ್ತದೆ. ಜೆಲ್ ಹಿಡಿಯುವುದೂ ಇಲ್ಲ, ಒಣಗುವುದೂ ಇಲ್ಲ, ಅದು ‘ಗಟ್ಟಿಗೊಳ್ಳುತ್ತದೆ’. ಅಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ವರ್ಗದ ಸಣ್ಣ ಅಣುಗಳು ಅದರಲ್ಲಿ ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಬೆಳಕು ಬಿದ್ದೊಡನೆ ಎಚ್ಚರಗೊಳ್ಳುವ ಇನ್ನೊಂದು ದ್ರವ್ಯವನ್ನೂ ಅದರಲ್ಲಿ ಬೆರೆಸಿರುತ್ತಾರೆ. ಸುಮಾರು 340ರಿಂದ 405 ನ್ಯಾನೊಮೀಟರ್ ತರಂಗಾಂತರದ ಬೆಳಕು ತಾಗಿದಾಗ ಆ ದ್ರವ್ಯ ಸೀಳಿ, ಬಿಡಿ ಅಣುಗಳು ಕೊಂಡಿಗೆ ಕೊಂಡಿ ಕೂಡಿ ಬಲೆಯಾಗಿ ಬಿಗಿಯುತ್ತವೆ. ಹಲ್ಲಿನ ಹುಳುಕನ್ನು ತುಂಬುವಾಗ ದಂತವೈದ್ಯರು ನೀಲಿ ಬೆಳಕು ಹಿಡಿಯುವುದೂ ಇದೇ ತತ್ತ್ವದಿಂದ; ಅಲ್ಲಿ ತುಂಬುವ ವಸ್ತುವೂ ಇದೇ ಕುಲದ್ದು.

ಈ ಬಣ್ಣಗಳನ್ನು ಜನಪ್ರಿಯಗೊಳಿಸಿದವುಗಳಲ್ಲಿ ಒಂದು, ಸಿಎನ್‌ಡಿ ಎಂಬ ಅಮೆರಿಕದ ಕಂಪನಿಯು 2010ರಲ್ಲಿ ಮಾರುಕಟ್ಟೆಗೆ ತಂದ ‘ಶೆಲ್ಯಾಕ್’. ಶೆಲ್ಯಾಕ್ ಎಂದರೆ ಶುದ್ಧಗೊಳಿಸಿದ ಅರಗು. ಆ ಸೀಸೆಯಲ್ಲಿ ಅರಗಿನ ಲೇಶವೂ ಇಲ್ಲ. ಅಲತಗೆಯನ್ನು ಕೊಟ್ಟ ಅರಗು ಇಲ್ಲಿ ಹೆಸರಾಗಿ ಮಾತ್ರ ಮರಳಿ ಬಂದಿದೆ ಎಂಬುದು ಶಬ್ದಾರ್ಥದ ಪಾಠಕ್ಕೆ ಒಳ್ಳೆಯ ಉದಾಹರಣೆ.

ಜೆಲ್ಲಿನ ಅನುಕೂಲಗಳು ನಿಜವಾದವು. ಸಾಮಾನ್ಯ ಬಣ್ಣ ಪಾತ್ರೆ ತಿಕ್ಕಿ ಬಟ್ಟೆ ಒಗೆದರೆ ಕೆಲವೇ ದಿನಗಳಲ್ಲಿ ಚಕ್ಕೆ ಏಳುತ್ತದೆ. ಜೆಲ್ ಎರಡು ಮೂರು ವಾರ ಹೊಳಪು ಕೆಡದೆ ನಿಲ್ಲುತ್ತದೆ. ದೀಪದಿಂದ ಕೈ ತೆಗೆದ ಕೂಡಲೇ ಯಾವ ಕೆಲಸವನ್ನಾದರೂ ಮಾಡಬಹುದು, ಸೆರಗಿಗೆ ತಾಗಿ ಬಣ್ಣ ಹರಡುವುದಿಲ್ಲ. ಐದು ದಿನದ ಮದುವೆಮನೆಯ ಗದ್ದಲದಲ್ಲಿ ಇದು ಸಣ್ಣ ಸೌಕರ್ಯವಲ್ಲ. ಇದನ್ನೆಲ್ಲ ಬರಿಯ ಷೋಕಿ ಎಂದು ತಳ್ಳಿಹಾಕುವ ಹಿರಿಯರು ತಮ್ಮ ಕಾಲದ ಗೋರಂಟಿಯನ್ನು ನೆನೆಯುವುದು ಒಳ್ಳೆಯದು.

ಇನ್ನು ಉಗುರಿನ ಕಡೆಗೆ ನೋಡಬೇಕು. ಕಣ್ಣಿಗೆ ಕಾಣುವ ಉಗುರಿನ ಹಲಗೆ ನಿರ್ಜೀವ ಜೀವಕೋಶಗಳ ಪದರ. ದಪ್ಪ ಸರಿಸುಮಾರು ಅರ್ಧ ಮಿಲಿಮೀಟರ್. ಅದನ್ನು ಹುಟ್ಟಿಸುವ ಬೇರು ಚರ್ಮದ ಕೆಳಗೆ ಅಡಗಿದೆ. ಬುಡದಲ್ಲಿರುವ ತೆಳುಪೊರೆಯು ನೀರು, ರೋಗಾಣು ಒಳನುಗ್ಗದಂತೆ ಬಾಗಿಲು ಮುಚ್ಚಿದ ಹಾಗೆ ಕಾಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳಾದರೂ ಬೇಕು. ಗಾಯ ಮಾಯುವಂತೆ ಉಗುರಿನ ಹಲಗೆ ಮಾಯುವುದಿಲ್ಲ. ಕೆಟ್ಟ ಭಾಗ ಮುಂದೆ ಸರಿದು ಹೋಗಬೇಕಷ್ಟೆ.

ಉಗುರು ಕೆಡುವುದು ಹಚ್ಚುವಾಗ ಅಲ್ಪ, ತೆಗೆಯುವಾಗ ಹೆಚ್ಚು. ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಅಲ್ಯೂಮಿನಿಯಮ್ ಹಾಳೆ ಸುತ್ತಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಜೆಲ್ ಮೆತ್ತಗಾಗಿ ಬಿಡುತ್ತದೆ. ಅಷ್ಟು ತಾಳ್ಮೆಯಿಲ್ಲದೆ ಅಂಚಿನಲ್ಲಿ ಎದ್ದ ಜೆಲ್ಲನ್ನು ಕಿತ್ತು ಎಳೆದರೆ ಅದರೊಡನೆ ಉಗುರಿನ ಮೇಲ್ಪದರಗಳೂ ಸುಲಿದು ಬರುತ್ತವೆ. ಬಿಳಿಚಿಕೊಂಡು, ಕಾಗದದಂತೆ ಬಾಗುವ ಉಗುರುಗಳ ಹಿಂದಿನ ಕಾರಣ ಬಹುಪಾಲು ಇದೇ. ಅಸಿಟೋನ್ ಉಗುರನ್ನೂ ಸುತ್ತಲಿನ ಚರ್ಮವನ್ನೂ ಒಣಗಿಸುತ್ತದೆ. ಆಮೇಲೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಅದು ಬಲುಬೇಗ ಹೊತ್ತಿಕೊಳ್ಳುವ ದ್ರವವೂ ಹೌದಾದ್ದರಿಂದ ಅಡುಗೆಮನೆಯ ಒಲೆ, ದೇವರ ದೀಪಗಳ ಬಳಿ ಅದರ ಬಾಟಲಿ ತೆರೆಯಬಾರದು.

ಪಾರ್ಲರಿನ ಹೆಚ್ಚುಗಾರಿಕೆ ಕೈಚಳಕದಲ್ಲಿದೆ. ಅಭ್ಯಾಸವಿರುವ ಕೈ ಬಣ್ಣವನ್ನು ಚರ್ಮಕ್ಕೆ ತಾಗಿಸದೆ ತೆಳುವಾಗಿ ಎಳೆಯುತ್ತದೆ. ಆಯಾ ಜೆಲ್ಲಿಗೆ ಒಪ್ಪುವ ದೀಪವೂ ಅಲ್ಲಿರುವ ಸಂಭವ ಹೆಚ್ಚು. ಅಲ್ಲಿಯ ಅಪಾಯ ಸಲಕರಣೆಗಳಿಂದ ಬರುತ್ತದೆ. ಒಬ್ಬರಿಗೆ ಬಳಸಿದ ಕತ್ತರಿ, ತಿದಿಯುವ ಪಟ್ಟಿ ಇನ್ನೊಬ್ಬರ ಬೆರಳಿಗೆ ಬಂದರೆ ಶಿಲೀಂಧ್ರವೂ ಬ್ಯಾಕ್ಟೀರಿಯವೂ ಜೊತೆಗೆ ಬರುತ್ತವೆ. ಚೆಂದಕ್ಕಾಗಿ ಬುಡದ ಪೊರೆಯನ್ನು ಕತ್ತರಿಸುವ ಪದ್ಧತಿಯಂತೂ ಕಾವಲುಗಾರನನ್ನೇ ಕೆಲಸದಿಂದ ಬಿಡಿಸಿದಂತೆ. ಕನ್ನಡದಲ್ಲಿ ಉಗುರುಸುತ್ತು, ಮರಾಠಿಯಲ್ಲಿ ನಖುರಡೆ ಎನ್ನುವ ಕೀವುಗಟ್ಟುವ ನೋವಿಗೆ ಇದೇ ದಾರಿ. ಲೋಹದ ಸಲಕರಣೆಗಳನ್ನು ಒತ್ತಡದ ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು. ನೀಲಿ ಬೆಳಕಿನ ಚಿಕ್ಕ ಪೆಟ್ಟಿಗೆಯಲ್ಲಿ ಕತ್ತರಿಗಳನ್ನಿಟ್ಟು ತೋರಿಸಿದರೆ ಅದು ಆಟೋಕ್ಲೇವಿಗೆ ಸಮವಲ್ಲ. ಉಗುರಿನ ಮೇಲ್ಮೈಯನ್ನು ಯಂತ್ರದಿಂದ ಉಜ್ಜುವಾಗ ಬಿಸಿಯೋ ಉರಿಯೋ ಕಂಡರೆ ಅಲ್ಲಿಗೇ ನಿಲ್ಲಿಸಲು ಹೇಳಬೇಕು. ಸಂಕೋಚಕ್ಕೆ ಸುಮ್ಮನಿದ್ದರೆ ಸವೆಯುವುದು ಅವರ ಯಂತ್ರವಲ್ಲ.

ಮನೆಯಲ್ಲಿ ಹಚ್ಚಿಕೊಂಡರೆ ಖರ್ಚು ಇಳಿಯುತ್ತದೆ, ಪರರ ಸೋಂಕು ತಗಲುವ ಭಯ ತಗ್ಗುತ್ತದೆ. ಆದರೆ ಜೆಲ್ಲಿನ ನಿಜವಾದ ಕೆಡುಕು ಕಣ್ಣಿಗೆ ಕಾಣದ್ದು, ಮತ್ತು ಅದು ಮನೆಯಲ್ಲಿಯೇ ಹೆಚ್ಚು ಸುಲಭವಾಗಿ ಘಟಿಸುತ್ತದೆ. ಗಟ್ಟಿಗೊಂಡ ಜೆಲ್ ಬಹುಮಟ್ಟಿಗೆ ನಿರುಪದ್ರವಿ. ಗಟ್ಟಿಗೊಳ್ಳದ ಬಿಡಿ ಅಣುಗಳು ಚರ್ಮಕ್ಕೆ ತಾಗಿದರೆ ಒಳಗಿಳಿದು ಅಲರ್ಜಿಯನ್ನು ಬಿತ್ತಬಲ್ಲವು. ಅವುಗಳಲ್ಲಿ ಹೆಚ್ಚು ಕುಖ್ಯಾತವಾದದ್ದು ಹೆಮಾ ಎಂಬ ಸಂಕ್ಷಿಪ್ತ ಹೆಸರಿನ ಮೆಥಾಕ್ರಿಲೇಟ್. ಮೊದಲ ಸಲ, ಹತ್ತನೆಯ ಸಲ ಏನೂ ಆಗದಿರಬಹುದು. ದೇಹ ಒಳಗೊಳಗೇ ಆ ಅಣುವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತಿರುತ್ತದೆ. ಒಂದು ದಿನ ಬೆರಳ ತುದಿ ಕೆರೆದು, ಕೆಂಪಾಗಿ, ಬಿರಿಯುತ್ತದೆ. ಕೆಲವರಲ್ಲಿ ಉಗುರು ತಳದಿಂದ ಬಿಟ್ಟುಕೊಳ್ಳುತ್ತದೆ. ಬೆರಳು ತಾಗಿದ ಕಣ್ಣರೆಪ್ಪೆ, ಕೆನ್ನೆ, ಕುತ್ತಿಗೆಗಳಲ್ಲಿಯೂ ತುರಿಕೆ ಕಾಣಬಹುದಾದ್ದರಿಂದ ಎಷ್ಟೋ ಮಂದಿ ಕಾಡಿಗೆ, ಸಾಬೂನುಗಳ ಮೇಲೆ ಅನುಮಾನಪಟ್ಟು ಉಗುರನ್ನು ಮರೆಯುತ್ತಾರೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಹಲ್ಲು ತುಂಬುವ ವಸ್ತು, ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಮೂಳೆಯ ಸಿಮೆಂಟು, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಉಪಕರಣಗಳ ಅಂಟು ಇವೆಲ್ಲ ಅದೇ ಕುಲದವು. ಇಪ್ಪತ್ತರ ವಯಸ್ಸಿನ ಬಣ್ಣದ ಲೆಕ್ಕ ಅರವತ್ತರಲ್ಲಿ ಚುಕ್ತಾ ಆಗಬೇಕಾದೀತು.

ಇದು ಊಹೆಯ ಮಾತಲ್ಲ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2012ರಲ್ಲಿ ಅಕ್ರಿಲೇಟುಗಳನ್ನು ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿತು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಎಚ್ಚರಿಕೆ ನೀಡಿದಾಗ, ಅಲ್ಲಿಯ ಹಾಗೂ ಐರ್ಲೆಂಡಿನ ಚರ್ಮ ಚಿಕಿತ್ಸಾಲಯಗಳಲ್ಲಿ ಪರೀಕ್ಷಿಸಿದವರ ಪೈಕಿ ಶೇಕಡ 2.4ರಷ್ಟು ಮಂದಿಗೆ ಈ ಅಲರ್ಜಿ ಕಂಡುಬಂದಿತ್ತು. ಅವರೆಲ್ಲ ಮೊದಲೇ ತೊಂದರೆಯಿಂದ ಆಸ್ಪತ್ರೆಗೆ ಬಂದವರು, ಆದ್ದರಿಂದ ಈ ಅಂಕಿಯನ್ನು ಇಡೀ ಜನಸಂಖ್ಯೆಗೆ ಅನ್ವಯಿಸಬಾರದು. ಐರೋಪ್ಯ ಒಕ್ಕೂಟವು 2020ರ ನಿಯಮವೊಂದರ ಮೂಲಕ ಹೆಮಾ ಇರುವ ಉಗುರು ಸಾಮಗ್ರಿಗಳನ್ನು ವೃತ್ತಿನಿರತರ ಬಳಕೆಗಷ್ಟೇ ಸೀಮಿತಗೊಳಿಸಿತು. ‘ಹೆಮಾ ರಹಿತ’ ಎಂಬ ಚೀಟಿಯೂ ಪೂರ್ಣ ಭರವಸೆಯಲ್ಲ. ಅದರ ಜಾಗದಲ್ಲಿ ಬೇರೊಂದು ಅಕ್ರಿಲೇಟ್ ಇರಬಹುದು.

ಮನೆಯಲ್ಲಿ ತಪ್ಪು ಎಲ್ಲಿ ನಡೆಯುತ್ತದೆ? ಬಲಗೈಯವರು ಎಡಗೈಯಿಂದ ಹಚ್ಚುವಾಗ ಜೆಲ್ ಚರ್ಮಕ್ಕೆ ಹರಿಯುತ್ತದೆ. ಒರೆಸದೆ ದೀಪಕ್ಕೆ ಹಿಡಿಯುತ್ತಾರೆ. ಒಂದು ಕಂಪನಿಯ ಜೆಲ್ಲಿಗೆ ಇನ್ನೊಂದರ ಅಗ್ಗದ ದೀಪವನ್ನು ಬಳಸುತ್ತಾರೆ. ತರಂಗಾಂತರವೂ ತೀವ್ರತೆಯೂ ಹೊಂದದಿದ್ದರೆ ಮೇಲ್ಮೈ ಗಟ್ಟಿ, ಒಳಗು ಹಸಿ. ಬೇಗ ಮುಗಿಯಲೆಂದು ಎರಡು ತೆಳು ಪದರದ ಬದಲು ಒಂದೇ ದಪ್ಪ ಪದರ ಬಳಿಯುತ್ತಾರೆ. ಗಾಢ ಬಣ್ಣಗಳಲ್ಲಿ ಬೆಳಕು ತಳ ಮುಟ್ಟುವುದೇ ಇಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಓರೆಯಾಗಿ ಕುಳಿತು ಅರ್ಧ ನೆರಳಿನಲ್ಲಿರುತ್ತದೆ, ಅದನ್ನು ಪ್ರತ್ಯೇಕವಾಗಿ ಹಿಡಿಯಬೇಕು. ಬಹಳಷ್ಟು ಜೆಲ್ಲುಗಳಲ್ಲಿ ದೀಪದ ನಂತರವೂ ಮೇಲೆ ಅಂಟಂಟಾದ ಪೊರೆ ಉಳಿಯುತ್ತದೆ. ಗಾಳಿಯ ಆಮ್ಲಜನಕ ತಡೆದುದರಿಂದ ಕೊಂಡಿ ಕೂಡದೆ ಉಳಿದ ಅಣುಗಳೇ ಅವು. ಅದನ್ನು ಬೆರಳಿನಿಂದ ಮುಟ್ಟಿ ನೋಡುವುದು ಎಲ್ಲರ ಸಹಜ ಚಪಲ. ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ, ಚರ್ಮಕ್ಕೆ ಸವರದಂತೆ, ಒರೆಸಿ ತೆಗೆಯುವುದು ಸರಿಯಾದ ಕ್ರಮ.

ಇಲ್ಲಿ ಭಾಷೆಯ ತೊಡಕೂ ಇದೆ. ಇಂಥ ಪೆಟ್ಟಿಗೆಗಳ ಸೂಚನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಗಡಿಸೀಮೆಯ ಹುಡುಗಿ ಓದಿದ ಕನ್ನಡ, ಮರಾಠಿಗಳೆರಡೂ ಅಲ್ಲಿ ಕಾಣವು. ಇಂಗ್ಲಿಷಿನ ‘ಕ್ಯೂರ್’ ಎಂಬ ಪದವನ್ನು ಯಾರಾದರೂ ‘ಒಣಗಿಸಿ’ ಎಂದು ಅನುವಾದಿಸಿದರೆ ಓದುಗಳು ಮೇಲ್ಮೈ ಮುಟ್ಟಿ ನೋಡಿ ಆಯಿತೆಂದುಕೊಳ್ಳುತ್ತಾಳೆ. ‘ಗುಣಪಡಿಸಿ’ ಎಂದರಂತೂ ಅರ್ಥವೇ ಬೇರೆ. ಈ ಪದದ ಸರಿಯಾದ ಅರ್ಥ ಊರಿನ ಗೌಂಡಿಗೆ ಗೊತ್ತು. ಸ್ಲ್ಯಾಬ್ ಹಾಕಿದ ಮರುದಿನವೇ ಮೇಲ್ಮೈ ಕಲ್ಲಿನಂತಾದರೂ ಅವನು ದಿನಗಟ್ಟಲೆ ‘ಕ್ಯೂರಿಂಗ್’ ಎಂದು ನೀರು ನಿಲ್ಲಿಸುತ್ತಾನೆ. ಮೇಲೆ ಗಟ್ಟಿಯಾದದ್ದು ಒಳಗೆ ಗಟ್ಟಿಯಾಗಿಲ್ಲವೆಂಬುದು ಅವನ ಅನುಭವ. ಜೆಲ್ಲಿನ ಸೂಚನೆಯನ್ನು ಕನ್ನಡಕ್ಕೆ ತರುವವರು ನಿಘಂಟಿಗಿಂತ ಮೊದಲು ಅವನನ್ನು ಕೇಳುವುದು ಲೇಸು.

ದೀಪದ ನೇರಳಾತೀತ ಕಿರಣದ ವಿಷಯದಲ್ಲಿ ಭಯ ವಿಷಯಕ್ಕಿಂತ ದೊಡ್ಡದು. 2023ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು ಇಂಥ ದೀಪದ ಕೆಳಗೆ 20 ನಿಮಿಷ ಇಟ್ಟ ಜೀವಕೋಶಗಳಲ್ಲಿ ಶೇಕಡ 20ರಿಂದ 30ರಷ್ಟು ಸತ್ತುದನ್ನೂ ಉಳಿದವುಗಳ ಡಿಎನ್‌ಎಗೆ ಹಾನಿಯಾದುದನ್ನೂ ಪ್ರಕಟಿಸಿದರು. ಅವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳು. ಅವಕ್ಕೆ ಚರ್ಮದ ಹೊರಪದರದ ರಕ್ಷಣೆಯಿರಲಿಲ್ಲ, ವಾಡಿಕೆಯ ಅವಧಿಯೂ ಕೆಲವೇ ನಿಮಿಷ. ಆದರೂ ಮುಂಚಿತವಾಗಿ ಕೈಗೆ ಸನ್‌ಸ್ಕ್ರೀನ್ ಹಚ್ಚುವುದು, ಬೆರಳ ತುದಿ ಕತ್ತರಿಸಿದ ಕೈಗವಸು ತೊಡುವುದು ಅಗ್ಗದ ಎಚ್ಚರಿಕೆ. ಬೆಳಕಿಗೆ ಎಚ್ಚೆತ್ತುಕೊಳ್ಳುವ ದ್ರವ್ಯಗಳಲ್ಲೊಂದಾದ ಟಿಪಿಒವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದು ಸಂತಾನಶಕ್ತಿಗೆ ಹಾನಿಕರವೆಂದು ತೋರಿದ್ದು ಇದಕ್ಕೆ ಕಾರಣ. ಪೆಟ್ಟಿಗೆ ಕೊಳ್ಳುವಾಗ ಆ ಮೂರಕ್ಷರವನ್ನು ಹುಡುಕುವುದು ಕಷ್ಟವಲ್ಲ.

ಪದವಿಯ ಜೊತೆಗೆ ಬ್ಯೂಟಿ ಪಾರ್ಲರಿನ ಕೋರ್ಸು ಮುಗಿಸಿ ಸಂಪಾದನೆಗೆ ಇಳಿಯುವ ವಿದ್ಯಾರ್ಥಿನಿಯರು ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಅರಿಯಬೇಕು. ಗಿರಾಕಿಯು ಮೂರು ವಾರಕ್ಕೊಮ್ಮೆ ಮುಟ್ಟುವ ಜೆಲ್ಲನ್ನು ಕೆಲಸದವಳು ದಿನವಿಡೀ ಮುಟ್ಟುತ್ತಾಳೆ, ಉಜ್ಜಿದ ಧೂಳನ್ನು ಉಸಿರಾಡುತ್ತಾಳೆ. ತೆಳು ರಬ್ಬರ್ ಕೈಗವಸನ್ನು ಈ ಅಣುಗಳು ನಿಮಿಷಗಳಲ್ಲೇ ದಾಟುತ್ತವೆ. ನೈಟ್ರೈಲ್ ಕೈಗವಸು ಮೇಲು, ಅದನ್ನೂ ಜೆಲ್ ತಾಗಿದೊಡನೆ ಬದಲಿಸಬೇಕು. ನರ್ಸಿಂಗ್‌ಗೆ ಹೋಗುವವರಿಗೆ ಇನ್ನೊಂದು ಮಾತು: ರೋಗಿಗಳನ್ನು ಮುಟ್ಟಿ ಶುಶ್ರೂಷೆ ಮಾಡುವವರು ಕೃತಕ ಉಗುರು ಧರಿಸಬಾರದು, ಸಹಜ ಉಗುರಿನ ತುದಿಯೂ ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ.

ತುರಿಕೆ ಆರಂಭವಾದರೆ ಬಣ್ಣ ಬದಲಿಸಿ ನೋಡುವುದು, ಬೇರೆ ಕಂಪನಿಯದನ್ನು ಹಚ್ಚುವುದು ರೋಗವನ್ನು ಬಲಿಸುವ ದಾರಿ. ಜೆಲ್ಲನ್ನು ಕೂಡಲೇ ತೆಗೆಸಿ ಚರ್ಮವೈದ್ಯರಿಗೆ ತೋರಿಸಬೇಕು. ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿಗಳನ್ನು ಅಂಟಿಸಿ, ಎರಡು ದಿನಗಳ ನಂತರ ತೆಗೆದು, ಮತ್ತೆರಡು ದಿನ ಬಿಟ್ಟು ಪುನಃ ನೋಡುವ ‘ಪ್ಯಾಚ್ ಪರೀಕ್ಷೆ’ಯಿಂದ ಯಾವ ದ್ರವ್ಯದ ಅಲರ್ಜಿ ಎಂಬುದು ಗೊತ್ತಾಗುತ್ತದೆ. ಫಲಿತಾಂಶದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಮುಂದೆಂದಾದರೂ ಹಲ್ಲು ತುಂಬಿಸುವಾಗ ಕುರ್ಚಿಯಲ್ಲಿ ಒರಗುವ ಮೊದಲೇ ದಂತವೈದ್ಯರಿಗೆ ತೋರಿಸಬೇಕು.