ಎರೆಮಣ್ಣಿಗೂ ಬೇಕಂತೆ ಕಬ್ಬಿಣದ ಕೋಟು!

ಚಿತ್ತವಾಡ್ಗಿ: ಮಳೆ ಬಂದರೆ ಎರೆಹೊಲದ ಮಣ್ಣು ಚಪ್ಪಲಿ ಬಿಡುವುದಿಲ್ಲ. ಬೇಸಿಗೆ ಬಂದರೆ ಬಾಯಿಬಿಟ್ಟು ಬಿರಿಯುತ್ತದೆ. ಹೊಸಪೇಟೆ, ಕಂಪ್ಲಿ ಕಡೆಯ ಜನಕ್ಕೆ ಇದೇನು ಹೊಸದಲ್ಲ. ಈ ಮಣ್ಣಿನ ಹಿಡಿತವನ್ನೇ ಬಳಸಿ ಕುಡಿಯುವ ನೀರು ಶುದ್ಧ ಮಾಡಬಹುದೇ ಎಂದು ರಸಾಯನ ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಹೆಸರು ಉದ್ದ, ರಚನೆ ಸರಳ: ಜವಳಿ ಅಂಗಡಿಯಲ್ಲಿ ಒಟ್ಟಿದ ಸೀರೆಗಳಂತೆ ಪದರದ ಮೇಲೆ ಪದರ. ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪದರಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಧನ ವಿದ್ಯುದಂಶದ ಸೀಸ, ಕ್ಯಾಡ್ಮಿಯಂಗಳನ್ನು ಎಳೆದು ಹಿಡಿಯುತ್ತದೆ.

ಆದರೆ ನಮ್ಮ ಕಡೆಯ ತಕರಾರು ಫ್ಲೋರೈಡಿನದು. ಅಖಂಡ ಬಳ್ಳಾರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಅದು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆಗೆ ಪೆಟ್ಟು. “ಕಾಸಿ ಕುಡೀತೀವಲ್ರೀ” ಎಂದರೆ ಆಗದು. ನೀರು ಆವಿಯಾಗುತ್ತದೆ, ಫ್ಲೋರೈಡ್ ತಳದಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ.

ಫ್ಲೋರೈಡ್ ಕೂಡ ಋಣದ್ದೇ. ಬರೀ ಜೇಡಿ ಅದನ್ನು ಹತ್ತಿರ ಸೇರಿಸದು. ಅದಕ್ಕೇ ಜೇಡಿಗೆ ಕಬ್ಬಿಣ ಇಲ್ಲವೇ ಅಲ್ಯೂಮಿನಿಯಂ ಸಂಯುಕ್ತದ ಲೇಪ ಕೊಟ್ಟು, ಸುಟ್ಟು, ಕಾಳು ಮಾಡುತ್ತಾರೆ. ಇದೇ ಕಾಂಪೊಸಿಟ್. ಲೇಪ ಫ್ಲೋರೈಡ್ ಹಿಡಿಯುತ್ತದೆ, ಸುಟ್ಟ ಜೇಡಿ ಕರಗದೆ ಆಧಾರವಾಗುತ್ತದೆ. ಹಾಗಂತ ಸಂಡೂರಿನ ಕೆಂಪು ಧೂಳು ತಂದು ಎರೆಮಣ್ಣಿಗೆ ಕಲಸಿ ಕೊಡದಲ್ಲಿ ಹಾಕಿದರೆ ಸಿಗುವುದು ರಾಡಿ ನೀರೇ!

ಇನ್ನೊಂದು ಮಾತು. ಈ ಕಾಳು ಸಿಟಿ ಬಸ್ಸಿದ್ದಂತೆ. ಸೀಟು ತುಂಬಿದ ಮೇಲೆ ಮುಂದಿನ ಸ್ಟಾಪಿನವರಿಗೆ ಜಾಗವಿಲ್ಲ. ಬಸ್ಸಿನಲ್ಲಾದರೆ ಕಂಡಕ್ಟರ್ ಕೂಗುತ್ತಾನೆ, ಇಲ್ಲಿ ಕೂಗುವವರಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೂ ಗೊತ್ತಾಗದು. ತುಂಬಿದ ಕಾಳನ್ನು ಕ್ಷಾರದಿಂದ ತೊಳೆದು ಮತ್ತೆ ಬಳಸಬಹುದು, ಆದರೆ ತೊಳೆದ ನೀರಿನಲ್ಲಿ ಅದೇ ಫ್ಲೋರೈಡ್. ಅದನ್ನು ಬಾವಿ ಪಕ್ಕ ಚೆಲ್ಲಿದರೆ ಮಾಡಿದ್ದೆಲ್ಲ ನೀರುಪಾಲು.

ಆದ್ದರಿಂದ ನಾಳೆ ಯಾರಾದರೂ ಫ್ಲೋರೈಡ್ ತೆಗೆಯುವ ಫಿಲ್ಟರ್ ಮಾರಲು ಬಂದರೆ ರೇಟು ಕೇಳುವ ಮೊದಲು ಮೂರು ಮಾತು ಕೇಳಬೇಕು: ಎಷ್ಟು ಲೀಟರಿಗೆ ತುಂಬುತ್ತದೆ? ನೀರು ಪರೀಕ್ಷೆ ಮಾಡುವವರು ಯಾರು? ಹಳೇ ಕಾಳು ಎಲ್ಲಿಗೆ ಹೋಗುತ್ತದೆ? ಮೂರಕ್ಕೂ ಉತ್ತರ ಕೊಟ್ಟವನ ಹತ್ತಿರವೇ ವ್ಯಾಪಾರ.